ಗೇಟು ಮರೆತ ಪ್ರಮೇಯ

ಉಡುಪಿ ಸೀಮೆಯಲ್ಲಿ ಹುಟ್ಟಿದ ಮನುಷ್ಯ ಎರಡು ಸಂಗತಿಗಳಿಂದ ತಪ್ಪಿಸಿಕೊಳ್ಳಲಾರ. ಒಂದು ಜೂನ್ ತಿಂಗಳ ಮಳೆ, ಇನ್ನೊಂದು ಸನ್ಮಾನ. ಮಳೆಗಾದರೂ ಕೊಡೆ ಇದೆ, ಸನ್ಮಾನಕ್ಕೆ ಅಡ್ಡ ಹಿಡಿಯಲು ಏನೂ ಇಲ್ಲ. ಕೊಲ್ಲಿಯಿಂದ ಬಂದವರಿಗೆ ಸನ್ಮಾನ, ಕೊಲ್ಲಿಗೆ ಹೊರಟವರಿಗೆ ಸನ್ಮಾನ, ನಿವೃತ್ತರಾದವರಿಗೆ ಸನ್ಮಾನ. ಯಾರೂ ಸಿಗದಿದ್ದರೆ ಕಳೆದ ವರ್ಷ ಸನ್ಮಾನ ಮಾಡಿದ ಸಮಿತಿಯವರಿಗೇ ಒಂದು ಸನ್ಮಾನ. ಮಣಿಪಾಲದ ಕಾಲೇಜೊಂದರಲ್ಲಿ ಗಣಿತ ಕಲಿಸುವ ಡಾಕ್ಟರ್ ಕಾರ್ಲ್ಟನ್ ಮಥಾಯಸ್ ನಲವತ್ತರ ಹತ್ತಿರ ಬಂದರೂ ಈ ಗಂಡಾಂತರದಿಂದ ಪಾರಾಗಿದ್ದ. ಪಾರಾಗಿದ್ದ ಎನ್ನುವುದು ಅವನು ಹೇಳುವ ಮಾತು. ನಿಜ ಹೇಳಬೇಕೆಂದರೆ ಅವನನ್ನು ಯಾರೂ ಕರೆದಿರಲಿಲ್ಲ, ಅದರ ಬೇಸರ ಒಳಗೊಳಗೇ ಇತ್ತು.

ಕರೆಯದಿದ್ದುದರಲ್ಲಿ ಜನರ ತಪ್ಪೇನೂ ಇಲ್ಲ. ಅವನ ವಿಷಯದ ಹೆಸರು ಪರ್ಕೊಲೇಶನ್, ಅಂದರೆ ಸೋರಿ ಇಳಿಯುವುದು. ನಮ್ಮ ಕೆಂಪುಕಲ್ಲನ್ನು ನೆನಪು ಮಾಡಿಕೊಳ್ಳಿ. ಅದರ ಒಳಗೆಲ್ಲ ಸಣ್ಣ ಸಣ್ಣ ಓಣಿಗಳು. ಮೇಲಿನಿಂದ ನೀರು ಹೊಯ್ದರೆ ಒಂದು ಓಣಿಯಲ್ಲಿ ಬೇಗ ಇಳಿಯುತ್ತದೆ, ಇನ್ನೊಂದರಲ್ಲಿ ತಡೆದು ತಡೆದು ಇಳಿಯುತ್ತದೆ. ಯಾವುದರಲ್ಲಿ ಎಷ್ಟು ಹೊತ್ತು ಎನ್ನುವುದು ಪೂರ್ತಿ ಅದೃಷ್ಟದ ಆಟ. ಹಾಗಾದರೆ ಈ ತುದಿಯಿಂದ ಆ ತುದಿಗೆ ನೀರು ಮುಟ್ಟಲು ಕಡಿಮೆಯೆಂದರೆ ಎಷ್ಟು ಹೊತ್ತು ಬೇಕು? ಸರಾಸರಿ ಇಷ್ಟು ಎಂದು ಹೇಳಿಬಿಡಬಹುದು. ಆ ಸರಾಸರಿಯಿಂದ ಆಚೀಚೆ ಅದು ಎಷ್ಟು ತೊನೆಯಬಹುದು, ಆ ಏರಿಳಿತ ಇದಕ್ಕಿಂತ ಹೆಚ್ಚಾಗದು ಎಂದು ಒಂದು ಗೆರೆ ಎಳೆಯಬಹುದೇ ಎನ್ನುವುದೇ ಪ್ರಶ್ನೆ. ಲೋಕದ ಘಟಾನುಘಟಿಗಳು ಗೆರೆ ಎಳೆದಿದ್ದರು. ಕಾರ್ಲ್ಟನ್ ಅವರಿಗಿಂತ ಕೂದಲೆಳೆಯಷ್ಟು ಬಿಗಿಯಾದ ಗೆರೆಯೊಂದನ್ನು ಎಳೆದು ವಿದೇಶದ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದ್ದ. ಆ ಕೂದಲೆಳೆಯ ಹಿಂದೆ ಅವನ ಯೌವನ ಹೋಗಿತ್ತು, ತಲೆಯ ಕೂದಲೂ ಅದರ ಜೊತೆಗೇ ಹೋಗಿತ್ತು.

ಅವನ ಪ್ರಮೇಯದ ಗುಟ್ಟು ಒಂದೇ ಮಾತಿನಲ್ಲಿತ್ತು. ಅತಿ ವೇಗದ ದಾರಿ ಯಾವುದೋ ಒಂದು ಓಣಿಯನ್ನೇ ನಂಬಿ ಕೂತಿರುವುದಿಲ್ಲ, ಆದ್ದರಿಂದ ಯಾವುದೇ ಒಂದು ಓಣಿಯನ್ನು ಬದಲಾಯಿಸಿದರೂ ಒಟ್ಟು ಲೆಕ್ಕ ಅಲುಗಾಡುವುದಿಲ್ಲ. ತರಗತಿಯಲ್ಲಿ ಅವನು ಹೀಗೆ ಹೇಳುತ್ತಿದ್ದ: ಕಾರ್ಕಳದಿಂದ ಮಣಿಪಾಲಕ್ಕೆ ಹಿರಿಯಡ್ಕದ ಮೇಲೆ ಬರಬಹುದು, ಪಡುಬಿದ್ರಿಗೆ ಇಳಿದು ಕಾಪುವಿನ ಮೇಲೆ ಸುತ್ತಿಯೂ ಬರಬಹುದು, ಒಂದು ಕಡೆ ರಸ್ತೆ ಅಗೆದಿದ್ದರೆ ಇನ್ನೊಂದು ಕಡೆ. ಯಾವ ಒಂದು ರಸ್ತೆಗೂ ನಮ್ಮ ಹಣೆಬರಹ ಬರೆಯುವ ತಾಕತ್ತಿಲ್ಲ. ಈ ಮಾತನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ ಅದು ಗಣಿತವೋ ವೇದಾಂತವೋ ಎಂಬ ವ್ಯತ್ಯಾಸ ಅವನಿಗೇ ಮರೆತುಹೋಗಿತ್ತು.

ಸುದ್ದಿ ಹೊರಬಿದ್ದದ್ದು ಕಾಪುವಿನಲ್ಲಿರುವ ಅವನ ತಾಯಿ ವೆರೊನಿಕಾ ಬಾಯಿಯವರ ಬಾಯಿಯಿಂದಲೇ. ಮಗನ ಲೇಖನ ಫಾರಿನ್‌ನಲ್ಲಿ ಬಂತು ಎಂದು ಅವರು ಪಾದ್ರಿಗಳ ಪೂಜೆ ಮುಗಿದ ಮೇಲೆ ಇಗರ್ಜಿಯ ಮೆಟ್ಟಿಲ ಮೇಲೆ ಸೆಲೀನ್ ಎಂಬಾಕೆಗೆ ಹೇಳಿದರು. ಸೆಲೀನಳ ಗಂಡ ಲಿಯೋನೆಲ್ ಕುವೈತಿನಿಂದ ವಾಪಸಾದವನು. ಅಲ್ಲಿ ಏನು ಮಾಡುತ್ತಿದ್ದನೋ ದೇವರಿಗೇ ಗೊತ್ತು, ಇಲ್ಲಿ ಸನ್ಮಾನ ಸಮಿತಿಯ ಅಧ್ಯಕ್ಷನಾಗಿದ್ದ. ಅವನು ಪರಿಚಯದ ವರದಿಗಾರನೊಬ್ಬನಿಗೆ ಫೋನು ಮಾಡಿದ. ಮರುದಿನ ಪತ್ರಿಕೆಯ ಒಳಪುಟದಲ್ಲಿ ‘ಸೋರಿಕೆಗೆ ಮಿತಿ: ಕಾಪುವಿನ ಗಣಿತಜ್ಞನ ಸಾಧನೆ’ ಎಂದು ಬಂತು. ಅಂದಿನಿಂದ ಕಾರ್ಲ್ಟನ್‌ಗೆ ಫೋನುಗಳು ಶುರುವಾದವು. ಶಿರ್ವದ ಒಬ್ಬರು ತಮ್ಮ ಟೆರೇಸು ಮೂರು ಮಳೆಗಾಲದಿಂದ ಸೋರುತ್ತಿದೆ, ಒಮ್ಮೆ ಬಂದು ನೋಡಿಹೋಗಬಹುದೇ ಎಂದು ಕೇಳಿದರು. ತನ್ನದು ಆ ತರಹದ ಸೋರಿಕೆಯಲ್ಲ ಎಂದು ಅವನು ವಿವರಿಸಿದ್ದಕ್ಕೆ, ಹಾಗಾದರೆ ಯಾವ ತರಹದ್ದು, ಪೈಪಿನದ್ದಾ ಎಂದರು. ಇದಾದ ವಾರದೊಳಗೆ ಲಿಯೋನೆಲ್ ಸನ್ಮಾನಕ್ಕೆ ಒಂದು ಆದಿತ್ಯವಾರ ಗೊತ್ತು ಮಾಡಿದ. ಕಾರ್ಲ್ಟನ್ ಬೇಡ ಬೇಡ ಎನ್ನುತ್ತಲೇ ಹೊಸ ಅಂಗಿ ಹೊಲಿಸಲು ಕೊಟ್ಟ.

ಆ ಅಂಗಿ ಇನ್ನೂ ದರ್ಜಿಯ ಹತ್ತಿರ ಇರುವಾಗಲೇ ಅಶ್ವಿನಿ ಅವನ ಕೋಣೆಯ ಬಾಗಿಲು ತಟ್ಟಿದಳು.

ಅಶ್ವಿನಿ ಅವನ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ. ಅಪ್ಪ ಗುರಲಿಂಗಪ್ಪ, ಅವ್ವ ಹನುಮವ್ವ ಗದಗದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಕಡಿಯಾಳಿಯಲ್ಲಿ ಬಾಡಿಗೆ ಮನೆ ಹಿಡಿದವರು. ಅವಳು ಹುಟ್ಟಿದ್ದು, ಓದಿದ್ದು ಎಲ್ಲ ಉಡುಪಿಯಲ್ಲೇ. ಪ್ರಬಂಧ ಬರೆದು ಮುಗಿದಿತ್ತು, ಈ ತಿಂಗಳ ಕೊನೆಗೆ ಒಪ್ಪಿಸಬೇಕಿತ್ತು. ಅವಳಿಗೆ ಸಿಕ್ಕಿದ್ದ ಕಾಲಾವಕಾಶವೆಲ್ಲ ತೀರಿದ್ದರಿಂದ, ಈ ತಿಂಗಳು ತಪ್ಪಿದರೆ ನೋಂದಣಿಯೇ ರದ್ದು. ಒಪ್ಪಿಸಿದರೆ ಪುಣೆಯ ಸಂಸ್ಥೆಯೊಂದರಲ್ಲಿ ಕೆಲಸ ಕಾದಿತ್ತು. ನಡುವೆ ಉಳಿದದ್ದು ಮಾರ್ಗದರ್ಶಕನ ಸಹಿ ಒಂದೇ.

ಅವಳು ಅವನ ಲೇಖನವನ್ನು ಮೇಜಿನ ಮೇಲೆ ಬಿಡಿಸಿಟ್ಟು ನಾಲ್ಕನೇ ಲೆಮ್ಮಾದ ಮೇಲೆ, ಅಂದರೆ ಪ್ರಮೇಯವನ್ನು ಹೊತ್ತು ನಿಂತ ಉಪಪ್ರಮೇಯದ ಮೇಲೆ, ಬೆರಳಿಟ್ಟಳು.

“ಸರ್, ಕಾರ್ಕಳದಿಂದ ಮಣಿಪಾಲಕ್ಕೆ ಯಾವ ದಾರಿಯಲ್ಲಿ ಬೇಕಾದರೂ ಬರಬಹುದು, ಸರಿ. ಆದರೆ ಮನೆಯ ಗೇಟು ದಾಟದೆ ಯಾವ ರಸ್ತೆಗೂ ಇಳಿಯಲಿಕ್ಕೆ ಆಗುವುದಿಲ್ಲ ಅಲ್ವಾ?”

ಕಾರ್ಲ್ಟನ್ ನಕ್ಕ. ಆಮೇಲೆ ನಗು ನಿಂತಿತು. ಅವನ ಲೆಕ್ಕದ ಚೌಕಳಿ ನಕ್ಷೆಯಲ್ಲಿ ಹೊರಡುವ ಬಿಂದುವಿನ ಸುತ್ತ ಓಣಿಗಳಿರುವುದು ನಾಲ್ಕೇ. ದಾರಿ ಮುಂದೆ ಎಲ್ಲಿಗೆ ಬೇಕಾದರೂ ತಿರುಗಲಿ, ಆ ನಾಲ್ಕರಲ್ಲಿ ಒಂದನ್ನು ತುಳಿಯಲೇಬೇಕು. ಯಾವ ಒಂದು ಓಣಿಗೂ ಬೆಲೆಯಿಲ್ಲ ಎಂದು ಲೆಮ್ಮಾ ಸಾರುತ್ತಿತ್ತು, ಬಾಗಿಲ ಮುಂದಿನ ಓಣಿಗೆ ಬೆಲೆಯಿತ್ತು. ಊರೂರಿನ ರಸ್ತೆಗಳನ್ನೆಲ್ಲ ಲೆಕ್ಕ ಹಾಕಿದ ಮನುಷ್ಯ ಗೇಟನ್ನು ಮರೆತಿದ್ದ. ಲೇಖನವನ್ನು ಪರಿಶೀಲಿಸಿದ ವಿದೇಶದ ಪಂಡಿತರೂ ಮರೆತಿದ್ದರು, ಆದರೆ ಅವರಿಗೆ ಕಾಪುವಿನಲ್ಲಿ ಯಾರೂ ಶಾಲು ಹೊದಿಸುವುದಿಲ್ಲವಲ್ಲ.

ಅಶ್ವಿನಿ ತಪ್ಪು ತೋರಿಸಿ ಸುಮ್ಮನಾಗಲಿಲ್ಲ. ಹೊರಡುವ ಬಿಂದುವನ್ನು ಒಂದೇ ಕಡೆ ಇಡದೆ ಆಚೀಚೆ ಸರಿಸಿ, ಎಲ್ಲದರ ಸರಾಸರಿ ತೆಗೆದು, ಲೆಮ್ಮಾವನ್ನು ರಿಪೇರಿಯೂ ಮಾಡಿದ್ದಳು. ಗೆರೆ ಸ್ವಲ್ಪ ಸಡಿಲವಾಗಿತ್ತು, ಆದರೆ ನಿಲ್ಲುತ್ತಿತ್ತು. ಅವನು ಇನ್ನೂ ನೋಡಿರದ, ಅವಳ ಪ್ರಬಂಧದ ಮೊದಲ ಅಧ್ಯಾಯವೇ ಅದು: ಸರ್ ಹೇಳಿದ್ದು ಏಕೆ ತಪ್ಪು, ಅದನ್ನು ಸರಿ ಮಾಡುವುದು ಹೇಗೆ. ಅದಿಲ್ಲದೆ ಉಳಿದ ಅಧ್ಯಾಯಗಳು ನಿಲ್ಲುವುದಿಲ್ಲ. ಅಂದರೆ ಕಾರ್ಲ್ಟನ್ ಸಹಿ ಹಾಕಬೇಕಾದದ್ದು ತನ್ನದೇ ತಪ್ಪಿನ ಕೆಳಗೆ.

ಅವನು ನೀರು ಕುಡಿದ. ಕಿಟಕಿಯ ಹೊರಗೆ ನೋಡಿದ. ಕೊನೆಗೆ ತುಂಬ ಉದಾರ ಮನಸ್ಸಿನಿಂದ ಒಂದು ಸಲಹೆ ಕೊಟ್ಟ. ‘ತಪ್ಪು’ ಎನ್ನುವ ಶಬ್ದ ಸ್ವಲ್ಪ ಒರಟು, ‘ಇನ್ನೊಂದು ದೃಷ್ಟಿ’ ಎಂದು ಹಾಕಿದರೆ ಹೇಗೆ ಎಂದು ಕೇಳಿದ. ಸುಳ್ಳಾದ ಲೆಮ್ಮಾಕ್ಕೆ ಇನ್ನೊಂದು ದೃಷ್ಟಿ ಇರುವುದಿಲ್ಲ ಎಂದು ಅಶ್ವಿನಿ ಮೆಲ್ಲಗೆ ಹೇಳಿದಳು. ಲೇಖನ ಅಚ್ಚು ಹಾಕಿದ ವಿದೇಶದ ಪತ್ರಿಕೆಯವರಿಗೆ ತಿಳಿಸುತ್ತೀರಾ ಎಂದೂ ಕೇಳಿದಳು. ತಿಳಿಸೋಣ, ಸಹಿಯನ್ನೂ ಹಾಕೋಣ, ಈ ಆದಿತ್ಯವಾರ ಒಂದು ಕಳೆಯಲಿ ಎಂದ ಕಾರ್ಲ್ಟನ್. ಅವಳು ಹೋದ ಮೇಲೆ ಕೂತು ಲೆಕ್ಕ ಹಾಕಿದ. ಮಣಿಪಾಲದ ಒಂದು ಮುಚ್ಚಿದ ಕೋಣೆಯಲ್ಲಿ ಹುಟ್ಟಿದ ಸತ್ಯ ಕಾಪುವನ್ನು ಮುಟ್ಟಬೇಕಾದರೆ ಎಷ್ಟು ಬಾಯಿ ದಾಟಬೇಕು! ಎಷ್ಟೇ ಏರಿಳಿತವಿದ್ದರೂ ಆದಿತ್ಯವಾರದ ಒಳಗೆ ಮುಟ್ಟುವ ಸಂಭವ ಸೊನ್ನೆಯ ಹತ್ತಿರ. ಕಲಿತ ವಿದ್ಯೆ ಕಷ್ಟಕಾಲಕ್ಕೆ ಒದಗುತ್ತದೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಶನಿವಾರ ಲಿಯೋನೆಲ್ ಫೋನು ಮಾಡಿದ.

“ನಿನ್ನ ಸ್ಟೂಡೆಂಟ್ ಒಬ್ಬಳು ಉಂಟಲ್ಲ ಮಾರಾಯ, ಅವಳು ಹರಿವಾಣ ಹಿಡಿಯಲಿ. ಗುರು, ಶಿಷ್ಯೆ ಒಟ್ಟಿಗೆ ನಿಂತರೆ ಫೋಟೋ ಚೆಂದ ಬರ್ತದೆ.”

ಬೇಡ ಎನ್ನಲು ಕಾರ್ಲ್ಟನ್‌ಗೆ ಬಾಯಿಯಿತ್ತು. ಆದರೆ ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಅವನು ಅಶ್ವಿನಿಗೆ ಸಂದೇಶ ಕಳಿಸಿದ. ಅವಳು ‘ಆಯಿತು ಸರ್’ ಎಂದು ಎರಡೇ ಶಬ್ದ ಬರೆದಳು. ಸಹಿ ಬಾಕಿ ಇರುವ ವಿದ್ಯಾರ್ಥಿಗಳು ಬೇರೆ ಏನು ಬರೆಯುತ್ತಾರೆ?

ಕಾಪುವಿನ ಇಗರ್ಜಿಯ ಹಾಲ್ ಆದಿತ್ಯವಾರ ಬೆಳಿಗ್ಗೆ ತುಂಬಿತ್ತು, ಅರ್ಧ ಜನ ಊಟಕ್ಕಾಗಿ, ಅರ್ಧ ಜನ ವೆರೊನಿಕಾ ಬಾಯಿಯ ಮುಖ ನೋಡಿ. ಸಾರ್ವಜನಿಕ ಸಮಾರಂಭವಾದ್ದರಿಂದ ಭಾಷಣಗಳು ಕನ್ನಡದಲ್ಲಿ, ಅಡುಗೆಯವರಿಗೆ ಬೈಗುಳ ಮಾತ್ರ ಕೊಂಕಣಿಯಲ್ಲಿ. ನಿವೃತ್ತ ಹೆಡ್‌ಮಾಸ್ಟರ್ ಲಿಗೋರಿ ಸನ್ಮಾನಪತ್ರ ಓದಿದರು. ‘ಚಂಚಲತೆಯೆಂಬ ಮದ್ದಾನೆಗೆ ಅಂಕುಶವಿಕ್ಕಿದ ಕರಾವಳಿಯ ಕಣ್ಮಣಿಯೇ’ ಎಂದು ಅದು ಆರಂಭವಾಗಿ, ಅದೇ ಆನೆಯ ಮೇಲೆ ಬಹಳ ದೂರ ಸಾಗಿತು. ಸಭೆಯಲ್ಲಿದ್ದ ಯಾರಿಗೂ ಆ ಆನೆ ಯಾವುದೆಂದು ತಿಳಿದಿರಲಿಲ್ಲ. ಲಿಗೋರಿ ಮಾಸ್ತರರಿಗೂ ತಿಳಿದಿರಲಿಲ್ಲ, ಆದರೆ ಅವರ ಕಂಠದಲ್ಲಿ ಅದು ಗೊತ್ತಾಗುತ್ತಿರಲಿಲ್ಲ.

ಕಾರ್ಲ್ಟನ್ ಕುರ್ಚಿಯಲ್ಲಿ ಕೂತಿದ್ದ, ತಲೆಯ ಮೇಲೆ ಪೇಟ. ಪಕ್ಕದಲ್ಲಿ ಅಶ್ವಿನಿ ಹರಿವಾಣ ಹಿಡಿದು ನಿಂತಿದ್ದಳು. ಅದರಲ್ಲಿ ಶಾಲು, ಗಂಧದ ಹಾರ, ಒಂದು ಸ್ಮರಣಿಕೆ, ಬುಟ್ಟಿಯಲ್ಲಿ ಹಣ್ಣು, ಹಣ್ಣುಗಳ ನಡುವೆ ಒಂದು ದೊಡ್ಡ ಅನಾನಸು. ಹರಿವಾಣ ಭಾರವಿದ್ದು ಅವಳ ಕೈ ಬಳಲುತ್ತಿತ್ತು. ಅವಳು ಅವನ ಕಡೆ ನೋಡುತ್ತಿರಲಿಲ್ಲ, ಸಿಟ್ಟಿನಿಂದಲೂ ನೋಡುತ್ತಿರಲಿಲ್ಲ. ಲಿಯೋನೆಲ್ ಅವಳ ಕೈಯ ಹರಿವಾಣದಿಂದಲೇ ಶಾಲನ್ನೆತ್ತಿ ಅವನಿಗೆ ಹೊದಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕತೆ ಎಲ್ಲರಿಗೂ ಗೊತ್ತು. ಕಾರ್ಲ್ಟನ್ ಶಾಲು ಸರಿಮಾಡುವ ನೆಪದಲ್ಲಿ ಹೆಗಲು ಮುಟ್ಟಿ ನೋಡಿಕೊಂಡ. ಅವನಿಗೆ ನಾಚಿಕೆಯಾಯಿತು. ಎಷ್ಟೆಂದರೆ, ಮೈಕು ಕೈಗೆ ಬಂದಾಗ ಬರೆದು ತಂದಿದ್ದ ಭಾಷಣವನ್ನು ಕಿಸೆಯಿಂದ ತೆಗೆಯಲೇ ಇಲ್ಲ.

“ಒಂದು ಮಾತು ಹೇಳಬೇಕು,” ಎಂದ. “ನೀವೆಲ್ಲ ಹೊಗಳುವ ಈ ಪ್ರಮೇಯದಲ್ಲಿ ತಪ್ಪಿದೆ. ನಾನು ಹಾಕಿದ ಮಿತಿ ನಿಲ್ಲುವುದಿಲ್ಲ. ಈ ಸನ್ಮಾನಕ್ಕೆ ನಾನು ಯೋಗ್ಯನಲ್ಲ.”

ಹಿಂದಿನ ಸಾಲಿನಿಂದ ಒಬ್ಬರು ಚಪ್ಪಾಳೆ ತಟ್ಟಿದರು, ಮತ್ತೆ ಇಡೀ ಹಾಲ್ ತಟ್ಟಿತು. ಪಾದ್ರಿಗಳ ಕಣ್ಣು ಒದ್ದೆಯಾಯಿತು. ಲಿಯೋನೆಲ್ ಮೈಕನ್ನು ಕಿತ್ತುಕೊಂಡು, ತುಂಬಿದ ಕೊಡ ತುಳುಕುವುದಿಲ್ಲ ಎನ್ನುವುದನ್ನು ಕೇಳಿದ್ದೆವು, ಇವತ್ತು ಕಣ್ಣಾರೆ ಕಂಡೆವು ಎಂದ. ಅಜೆಕಾರಿನ ಮ್ಯಾಕ್ಸಿಮ್ ಎಂಬವರು, ಕಾರ್ಕಳದ ಒಂದು ಸಂಘದ ಕಾರ್ಯದರ್ಶಿ, ಊಟದ ಸಾಲಿನಲ್ಲೇ ಅವನನ್ನು ಹಿಡಿದು ಮುಂದಿನ ತಿಂಗಳು ತಮ್ಮಲ್ಲೂ ಒಂದು ಕಾರ್ಯಕ್ರಮ ಇಟ್ಟುಕೊಂಡರು. ಗಣಿತ ಅವರಿಗೆ ಮುಖ್ಯವಲ್ಲ, ಈ ವಿನಯ ಮಕ್ಕಳಿಗೆ ಮಾದರಿಯಂತೆ.

ಪ್ಲೇಟು ಹಿಡಿದು ನಿಂತ ಕಾರ್ಲ್ಟನ್‌ಗೆ ವಿಚಿತ್ರವಾದ ಒಂದು ಸಂಗತಿ ಹೊಳೆಯಿತು. ಅವನ ಲೆಮ್ಮಾ ಕಾಗದದ ಮೇಲೆ ಸತ್ತಿತ್ತು, ಕಾಪುವಿನಲ್ಲಿ ಮಾತ್ರ ಗಟ್ಟಿಮುಟ್ಟಾಗಿತ್ತು. ಯಾವುದೇ ಒಂದು ಸಂಗತಿಯನ್ನು ಬದಲಾಯಿಸಿ, ಸನ್ಮಾನದ ಒಟ್ಟು ಲೆಕ್ಕ ಅಲುಗಾಡದು. ಸತ್ಯವನ್ನೇ ತಿರುಗಿಸಿಟ್ಟರೂ ಅಲುಗಾಡದು. ಇದನ್ನು ಯೋಚಿಸಿ ಅವನಿಗೆ ಸಮಾಧಾನವಾಯಿತು, ಇನ್ನೊಂದು ಹೋಳು ಕೋಳಿಯನ್ನೂ ಹಾಕಿಸಿಕೊಂಡ. ಹೇಳುವುದನ್ನು ಹೇಳಿಯಾಗಿತ್ತು. ಜನ ನಂಬದಿದ್ದರೆ ಅದು ಜನರ ಪಾಪ.

ಸಂಜೆ ಅಶ್ವಿನಿಯನ್ನು ಕಡಿಯಾಳಿಗೆ ಬಿಡಲು ಕಾರಿನಲ್ಲಿ ಕರೆದುಕೊಂಡು ಹೊರಟ. ಹಣ್ಣಿನ ಬುಟ್ಟಿಗೆ ಹಿಂದೆ ಜಾಗವಿಲ್ಲದೆ ಅವಳು ಅನಾನಸನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಅವನಿಗೆ ಪ್ರಶಂಸೆ ಬೇಕಿತ್ತು, ಅವಳಿಂದಲೂ ಬೇಕಿತ್ತು. ನೋಡಿದೆಯಲ್ಲ, ಅಷ್ಟು ಜನರ ಎದುರು ತಪ್ಪು ಒಪ್ಪಿಕೊಂಡೆ ಎಂದ.

“ಹೌದು ಸರ್,” ಎಂದಳು ಅಶ್ವಿನಿ. “ಅರ್ಥ ಆಗದ ಅಷ್ಟು ಜನರ ಎದುರು ಹೇಳಿದಿರಿ. ಅರ್ಥ ಆಗುವ ಒಬ್ಬರ ಎದುರು ಹೇಳಿ.”

ಅವನ ಕಿವಿ ಬಿಸಿಯಾಯಿತು. ನನ್ನ ಕಾರಿನಲ್ಲಿ ಕೂತು, ನನ್ನ ಅನಾನಸು ಹಿಡಿದುಕೊಂಡು, ಎಂದು ಏನೇನೋ ಹೇಳಹೊರಟು ನುಂಗಿಕೊಂಡ. ಏಕೆಂದರೆ ಅವಳು ಹೇಳಿದ್ದು ಅವನಿಗೆ ಬೆಳಗಿನಿಂದಲೇ ಗೊತ್ತಿತ್ತು. ಅರ್ಥವಾಗುವುದಿಲ್ಲ ಎಂಬ ಧೈರ್ಯದ ಮೇಲೆಯೇ ಅವನಿಗೆ ಬಾಯಿ ಬಂದದ್ದು. ಈಜು ಬಾರದವನು ಮೊಣಕಾಲುದ್ದದ ನೀರಿಗೆ ಹಾರಿ ಬಹುಮಾನ ಕೇಳಿದಂತೆ ಅವನು ನಡೆದುಕೊಂಡಿದ್ದ.

ಕಡಿಯಾಳಿಯ ತಿರುವಿನಲ್ಲಿ ಗುರಲಿಂಗಪ್ಪ ಮಗಳಿಗಾಗಿ ಕಾಯುತ್ತ ನಿಂತಿದ್ದ. ಕಾರು ಕಂಡವನೇ ಹೆಗಲ ಮೇಲಿನ ಟವೆಲ್ ತೆಗೆದು ಕೈಮುಗಿದ.

“ಈ ತಿಂಗಳು ಮುಗಿತೈತಂತಲ್ರಿ ಸರ ಅಕೀ ಓದು,” ಎಂದ. “ಬ್ಯಾರೆ ಹಾದಿ ನಮಗ ಇಲ್ರಿ. ಎಲ್ಲಾ ನಿಮ್ಮ ಕೈಯಾಗ ಐತಿ.”

ಅವನು ಹೊಗಳಿಕೆಯಾಗಿ ಹೇಳಿದ್ದ. ಕಾರ್ಲ್ಟನ್ ತಲೆಯಾಡಿಸಿ ಕಾರು ತಿರುಗಿಸಿದ. ಮಣಿಪಾಲದ ಏರು ಹತ್ತುವಾಗ ಆ ಮಾತು ಅವನನ್ನು ಬಿಡಲಿಲ್ಲ. ಅವನಿಗೆ ದಾರಿಗಳು ಎಷ್ಟೋ ಇದ್ದವು. ಈ ಪ್ರಮೇಯ ಹೋದರೆ ಇನ್ನೊಂದು, ಕಾಪುವಿನ ಸನ್ಮಾನ ತಪ್ಪಿದರೆ ಕಾರ್ಕಳದ್ದು, ತಿಂಗಳ ಸಂಬಳಕ್ಕಂತೂ ಯಾವ ಏರಿಳಿತವೂ ಇಲ್ಲ. ಆ ಹುಡುಗಿಗೆ ಮಾತ್ರ ಹೊರಗೆ ಹೋಗುವ ಗೇಟು ಒಂದೇ, ಆ ಗೇಟು ತಾನು. ಲೆಮ್ಮಾದಲ್ಲಿ ಮರೆತದ್ದನ್ನೇ ಅವನು ಬದುಕಿನಲ್ಲೂ ಮರೆತಿದ್ದ. ತನ್ನ ಮೇಲೆ ಅವನಿಗೆ ಅಸಹ್ಯ ಹುಟ್ಟಿತು. ಅದು ಕೂಡ ಬೆಳಗಾಗುವಷ್ಟರಲ್ಲಿ ಕಡಿಮೆಯಾದೀತೆಂಬ ಆಸೆ ಇತ್ತು, ಆಗಲಿಲ್ಲ.

ಬುಧವಾರ ವಿಭಾಗದಲ್ಲಿ ಅಶ್ವಿನಿಯ ಉಪನ್ಯಾಸ. ಪ್ರಬಂಧ ಒಪ್ಪಿಸುವ ಮೊದಲು ಎಲ್ಲರೆದುರು ಒಮ್ಮೆ ಹೇಳಬೇಕೆಂಬ ನಿಯಮ. ಎಲ್ಲರೆಂದರೆ ಬೆರಳೆಣಿಕೆಯ ಜನ: ಇಬ್ಬರು ಮೂವರು ಅಧ್ಯಾಪಕರು, ಬಿಸ್ಕತ್ತಿಗಾಗಿ ಬರುವ ಕೆಲವು ವಿದ್ಯಾರ್ಥಿಗಳು, ಎಲ್ಲ ಉಪನ್ಯಾಸಗಳಲ್ಲೂ ತೂಕಡಿಸುವ ನಿವೃತ್ತ ಪ್ರಾಧ್ಯಾಪಕಿ ಸರಸ ಮೇಡಂ. ಹಾರವಿಲ್ಲ, ಮೈಕಿಲ್ಲ, ಫ್ಯಾನು ಕೂಡ ಅರ್ಧ ತಿರುಗುತ್ತಿತ್ತು. ಅಶ್ವಿನಿ ಏಳುವ ಮೊದಲೇ ಕಾರ್ಲ್ಟನ್ ಎದ್ದು ಬೋರ್ಡಿನ ಬಳಿ ಹೋದ. ಒಂದು ಬಿಂದು ಹಾಕಿ, ಅದರ ಸುತ್ತ ನಾಲ್ಕು ಗೆರೆ ಎಳೆದ. ತನ್ನ ನಾಲ್ಕನೇ ಲೆಮ್ಮಾ ಇಲ್ಲಿ ಬೀಳುತ್ತದೆ ಎಂದ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬೊಬ್ಬರ ಮುಖದಲ್ಲೂ ಅದು ಅರ್ಥವಾಗುವುದು ಅವನಿಗೆ ಕಾಣುತ್ತಿತ್ತು. ಹುಬ್ಬು ಮೇಲೇರುವುದು, ಕಣ್ಣು ಬೋರ್ಡಿನಿಂದ ಅವನ ಕಡೆಗೆ ಬರುವುದು, ಮತ್ತೆ ಬೋರ್ಡಿಗೆ ಹೋಗುವುದು. ಸಹೋದ್ಯೋಗಿ ಸ್ಯಾಂಡ್ರಾ ಪೆನ್ನು ಕೆಳಗಿಟ್ಟಳು. ಸರಸ ಮೇಡಂ ಕಣ್ಣು ಬಿಟ್ಟರು, ಬೋರ್ಡನ್ನು ಓದಿದರು.

“ಇದು ಮೊದಲ ಹೆಜ್ಜೆಯ ತಪ್ಪಲ್ವಾ ಕಾರ್ಲ್ಟನ್,” ಎಂದರು. “ಸರಿ ಮಾಡಿದ್ದು ಯಾರು?”

“ಅಶ್ವಿನಿ,” ಎಂದು ಹೇಳಿ ಅವನು ಸೀಮೆಸುಣ್ಣವನ್ನು ಅವಳಿಗೆ ಕೊಟ್ಟು ಬಂದು ಕೂತ. ಅವಳು ಮುಂದಿನ ಒಂದು ತಾಸು ಏನು ಹೇಳಿದಳೋ ಅವನ ತಲೆಗೆ ಹೋಗಲಿಲ್ಲ. ಉಳಿದವರ ತಲೆಗೆ ಹೋಯಿತು. ಮಧ್ಯಾಹ್ನ ವಿದೇಶದ ಪತ್ರಿಕೆಯವರಿಗೂ ಬರೆದ. ‘ತಲುಪಿದೆ’ ಎಂದು ಒಂದು ಸಾಲಿನ ಉತ್ತರ ಬಂತು, ಅಷ್ಟೇ.

ಇನ್ನು ಸುದ್ದಿಯ ವೇಗ ನೋಡಿ. ಕಾಪುವಿನಲ್ಲಿ ಮೈಕು ಹಿಡಿದು ಹೇಳಿದ ಸತ್ಯ ಹಾಲ್‌ನ ಮೆಟ್ಟಿಲು ಕೂಡ ಇಳಿದಿರಲಿಲ್ಲ. ಮಣಿಪಾಲದ ಅರ್ಧ ಫ್ಯಾನಿನ ಕೆಳಗೆ ಹೇಳಿದ ಅದೇ ಸತ್ಯ ಸಂಜೆಯೊಳಗೆ ಕಾಪು ಮುಟ್ಟಿತ್ತು. ಸ್ಯಾಂಡ್ರಾ ಬೇರೆ ಯಾರೂ ಅಲ್ಲ, ಸೆಲೀನಳ ತಂಗಿಯ ಮಗಳು. ಈ ಓಣಿಯನ್ನು ಕಾರ್ಲ್ಟನ್ ಲೆಕ್ಕಕ್ಕೆ ಹಿಡಿದಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ತಾಯಿಯ ಫೋನು ಬಂತು.

“ಪುತಾ, ನಿನ್ನ ಲೆಕ್ಕ ತಪ್ಪಂತೆ, ಹೌದಾ?”

“ಆದಿತ್ಯವಾರ ಸ್ಟೇಜಿನಲ್ಲೇ ಹೇಳಿದ್ದೆನಲ್ಲ ಮಮ್ಮಿ.”

“ಅದು ಸ್ಟೇಜಿನ ಮಾತಲ್ವಾ?” ಎಂದರು ವೆರೊನಿಕಾ ಬಾಯಿ. “ಸ್ಟೇಜಿನಲ್ಲಿ ಹೇಳಿದ್ದನ್ನು ಯಾರು ನಂಬ್ತಾರೆ?”

ಮಗ ತಪ್ಪು ಮಾಡಿದ್ದಕ್ಕಿಂತ ಸೆಲೀನ್ ಅದನ್ನು ಸಮಾಧಾನ ಹೇಳುವ ಧ್ವನಿಯಲ್ಲಿ ಹೇಳಿದ್ದು ಅವರಿಗೆ ನೋವಾಗಿತ್ತು. ಮರುದಿನದಿಂದ ಉಳಿದದ್ದೂ ಕ್ರಮವಾಗಿ ನಡೆಯಿತು. ಕಾಪು ಪೇಟೆಯಲ್ಲಿ ಅವನ ನಗುಮುಖವಿದ್ದ ಫ್ಲೆಕ್ಸ್ ಕಾಣದಾಯಿತು. ಕಾರ್ಕಳದ ಹಾಲ್‌ಗೆ ಅಚಾನಕ್ಕಾಗಿ ರಿಪೇರಿ ಬಂತು. ವಿನಯ ಮಕ್ಕಳಿಗೆ ಮಾದರಿ ಎಂದಿದ್ದ ಮ್ಯಾಕ್ಸಿಮ್ ಫೋನು ಎತ್ತಲಿಲ್ಲ. ವಿನಯವೆಂದರೆ ಏನೂ ತಪ್ಪು ಮಾಡದವರು ತಪ್ಪು ಮಾಡಿದೆ ಎನ್ನುವುದು, ನಿಜವಾಗಿ ಮಾಡಿದವರು ಹೇಳಿದರೆ ಅದಕ್ಕೆ ಬೇರೆ ಹೆಸರಿದೆ.

ಕಾರ್ಲ್ಟನ್ ಲಿಯೋನೆಲ್‌ಗೆ ತಾನೇ ಫೋನು ಮಾಡಿ, ಸನ್ಮಾನ ಮಾಡುವುದಾದರೆ ಅಶ್ವಿನಿಗೆ ಮಾಡಿ, ನಿಜವಾದ ಮಿತಿ ಅವಳದ್ದು ಎಂದ. ಲಿಯೋನೆಲ್ ಸ್ವಲ್ಪ ಹೊತ್ತು ಕೆಮ್ಮಿದ.

“ಹುಡುಗಿ ಒಳ್ಳೆಯವಳೇ, ಇಲ್ಲ ಅಂತಲ್ಲ,” ಎಂದ. “ಆದರೆ ನಮ್ಮ ಊರಿನವಳಲ್ಲ ಅಲ್ವಾ ಮಾರಾಯ. ಗದಗದವರದ್ದು ಏನಾದರೂ ಸಂಘ ಉಂಟಾ ನೋಡು.”

ಹುಟ್ಟಿದ್ದು ಉಡುಪಿಯಲ್ಲಿ, ಓದಿದ್ದು ಉಡುಪಿಯಲ್ಲಿ, ತಂದೆ ಇಟ್ಟ ಕಲ್ಲು ಈ ಊರಿನ ಅರ್ಧ ಗೋಡೆಗಳಲ್ಲಿ. ಆದರೂ ಹರಿವಾಣ ಹಿಡಿಯುವಾಗ ನಮ್ಮವಳು, ಶಾಲು ಹೊದಿಸುವಾಗ ಗದಗದವಳು. ಕಾರ್ಲ್ಟನ್ ಏನೋ ಖಾರವಾಗಿ ಹೇಳಬೇಕೆಂದಿದ್ದ. ಮೊನ್ನೆ ಹರಿವಾಣಕ್ಕೆ ಒಪ್ಪಿದವನು ತಾನೇ ಎಂಬುದು ನೆನಪಾಗಿ ಫೋನು ಇಟ್ಟ.

ಮರುದಿನ ಅಶ್ವಿನಿ ಪ್ರಬಂಧದ ಪ್ರತಿಗಳನ್ನು ಎದೆಗವಚಿಕೊಂಡು ಅವನ ಕೋಣೆಗೆ ಬಂದಳು. ಮೇಜಿನ ಮೇಲೆ ಆ ಶಾಲು ಮಡಚಿ ಇಟ್ಟಿತ್ತು. ಅವನು ಅದಕ್ಕಾಗಿ ಬೆಳಗಿನಿಂದ ಒಂದು ಮಾತು ಸಿದ್ಧ ಮಾಡಿಕೊಂಡಿದ್ದ, ಪಾಪ, ಚೆನ್ನಾಗಿಯೇ ಇತ್ತು. ಎದ್ದು ನಿಂತು, ಶಾಲನ್ನು ಎರಡೂ ಕೈಯಲ್ಲಿ ಎತ್ತಿ, ಇದು ನ್ಯಾಯವಾಗಿ ನಿನಗೆ ಸೇರಬೇಕಾದದ್ದು ಎಂದು ಆರಂಭಿಸಿದ. ಆ ಹೊತ್ತಿನಲ್ಲೂ ಅವನ ಧ್ವನಿಗೆ ವೇದಿಕೆಯ ವಾಸನೆ ಇತ್ತು.

“ಶಾಲು ಬೇಡ ಸರ್,” ಎಂದಳು ಅಶ್ವಿನಿ. “ಸಹಿ ಹಾಕಿ. ಕಚೇರಿ ಮುಚ್ಚುವುದರೊಳಗೆ ಕೊಡಬೇಕು.”

ಅವನು ಶಾಲನ್ನು ಕೆಳಗಿಟ್ಟು ಕೂತ. ಅವಳು ಮೊದಲ ಪ್ರತಿಯನ್ನು ಬಿಡಿಸಿ ಜಾಗ ತೋರಿಸಿದಳು. ಪುಟ ತಿರುವುವಾಗ ಮೊದಲ ಅಧ್ಯಾಯದ ಶೀರ್ಷಿಕೆ ಕಣ್ಣಿಗೆ ಬಿತ್ತು. ‘ತಪ್ಪು’ ಎನ್ನುವ ಶಬ್ದ ಇದ್ದಲ್ಲೇ ಇತ್ತು, ಪಕ್ಕದಲ್ಲಿ ಅವನ ಹೆಸರೂ ಇತ್ತು. ಅವನು ಪೆನ್ನು ತೆಗೆದು ಒಂದೊಂದೇ ಪ್ರತಿಗೆ ಸಹಿ ಹಾಕುತ್ತ ಹೋದ. ಒಂದು ಸಹಿ ಇನ್ನೊಂದರ ಹಾಗೆ ಬರಲಿಲ್ಲ. ಎಷ್ಟು ಆಚೀಚೆ ಆಗಬಹುದು ಎಂಬುದಕ್ಕೆ ಅವನ ಬಳಿ ಯಾವ ಮಿತಿಯೂ ಇರಲಿಲ್ಲ.